ಬಚ್ಚಲ ಬಾಯ್ಲರ್: ನೀರಿಗೊಂದು ದಾರಿ, ಹೊಗೆಗೊಂದು ದಾರಿ

ಮಲೆನಾಡಿನಲ್ಲಿ ಮಳೆ ಹಿಡಿದರೆ ಸೋಲಾರ್ ಹೀಟರ್ ಚಾವಣಿ ಮೇಲೆ ಸುಮ್ನೆ ನೆನೆಯುತ್ತಾ ಕೂರುತ್ತದೆ. ಕರೆಂಟು ಯಾವಾಗ ಹೋಗುತ್ತದೋ, ಯಾವಾಗ ಬರುತ್ತದೋ ಹೇಳುವವರಿಲ್ಲ. ಹಾಗಾಗಿ ನಮ್ಮ ಕಡೆ ಎಷ್ಟೇ ಹೊಸ ಮನೆ ಕಟ್ಟಿದರೂ ಬಚ್ಚಲಿನ ಪಕ್ಕ ಒಂದು ಸೌದೆ ಬಾಯ್ಲರ್ ಇರುತ್ತದೆ. ಹಂಡೆ ಒಲೆ ಇದ್ದ ಜಾಗಕ್ಕೆ ತಾಮ್ರದ್ದೋ ಸ್ಟೀಲಿನದ್ದೋ ಉದ್ದನೆಯ ಡಬ್ಬಿ ಬಂದು ನಿಂತಿದೆ ಅಷ್ಟೆ. ಕೆಳಗೆ ಬೆಂಕಿ, ನಡುವೆ ಹೊಗೆ ಏರುವ ಕೊಳವೆ, ಕೊಳವೆಯ ಸುತ್ತ ನೀರು.

ಹಂಡೆ ತೆರೆದ ಪಾತ್ರೆ. ನೀರು ಕುದಿದರೆ ಮುಚ್ಚಳ ಕುಣಿಯುತ್ತದೆ, ಆವಿ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಬಾಯ್ಲರ್ ಹಾಗಲ್ಲ. ಒಳಗೆ ಏನಾಗುತ್ತಿದೆ ಅಂತ ಹೊರಗೆ ಗೊತ್ತಾಗುವುದಿಲ್ಲ. ಅದಕ್ಕೇ ಒಂದು ಮಾತು ನೆನಪಿಟ್ಟುಕೊಳ್ಳಿ. ಬಿಸಿಯಾದ ನೀರು ಹಿಗ್ಗಿ ಹೋಗಲು ಒಂದು ದಾರಿ ಬೇಕು, ಹೊಗೆ ಹೋಗಲು ಇನ್ನೊಂದು ದಾರಿ ಬೇಕು. ನಾನು ಕಂಡ ಬಾಯ್ಲರ್ ಅವಾಂತರಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದನ್ನು ಯಾರೋ ಮುಚ್ಚಿದ್ದರಿಂದ ಆದವು. ಮುಚ್ಚಿದವರಲ್ಲಿ ನಾನೂ ಒಬ್ಬ.

ನೀರಿನ ದಾರಿ

ಮೇಲಿನ ಟ್ಯಾಂಕಿನಿಂದ ತಣ್ಣೀರು ಬಾಯ್ಲರಿನ ಅಡಿಗೆ ಬರುತ್ತದೆ. ಬಿಸಿನೀರು ತಲೆಯಿಂದ ಹೊರಡುತ್ತದೆ. ಅದೇ ತಲೆಯಿಂದ ಇನ್ನೊಂದು ಸಣ್ಣ ಪೈಪು ಚಾವಣಿ ದಾಟಿ ಮೇಲೆ ಹೋಗಿರಬೇಕು. ಅದಕ್ಕೆ ಏರ್ ಪೈಪ್ ಅನ್ನುತ್ತಾರೆ. ಅದರ ಬಾಯಿ ಯಾವಾಗಲೂ ತೆರೆದಿರಬೇಕು. ಅದಕ್ಕೆ ವಾಲ್ವ್ ಇರಬಾರದು, ನಲ್ಲಿ ಇರಬಾರದು, ಬಿರಡೆ ಇರಬಾರದು.

ಲೆಕ್ಕ ನೋಡಿ. 60 ಲೀಟರ್ ನೀರನ್ನು 25 ಡಿಗ್ರಿಯಿಂದ 90 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 2 ಲೀಟರ್ ಹಿಗ್ಗುತ್ತದೆ. ಲೋಹದ ಡಬ್ಬಿ ಅಷ್ಟು ಹಿಗ್ಗುವುದಿಲ್ಲ. ಇನ್ನು ನೀರು ಆವಿಯಾದರೆ ಕೇಳುವುದೇ ಬೇಡ, ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಆವಿಯಾಗುತ್ತದೆ. ಅದಕ್ಕೆ ಹೋಗಲು ಜಾಗ ಕೊಡದಿದ್ದರೆ ಅದೇ ಜಾಗ ಮಾಡಿಕೊಳ್ಳುತ್ತದೆ.

ನಮ್ಮ ಮನೆಯಲ್ಲಿ ಆದದ್ದು ಹೀಗೆ. ಏರ್ ಪೈಪಿನಿಂದ ಸದಾ ನೀರು ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಬಂದು ಬಾಯಿಗೆ ಒಂದು ಎಂಡ್ ಕ್ಯಾಪ್ ತಿರುಗಿಸಿ ಹೋದರು. ತೊಟ್ಟಿಕ್ಕುವುದು ನಿಂತಿತು, ನಮಗೂ ಸಮಾಧಾನ. ಸ್ವಲ್ಪ ದಿನದ ಮೇಲೆ ಮೇಲಿನ ಟ್ಯಾಂಕಿನ ನೀರು ಉಗುರುಬೆಚ್ಚಗೆ ಬರತೊಡಗಿತು. ಬಿಸಿಲಿನ ಬಿಸಿ ಅಂದುಕೊಂಡೆವು, ಅದೂ ಜುಲೈ ತಿಂಗಳಲ್ಲಿ! ಹೋಗಲು ಬೇರೆ ದಾರಿ ಇಲ್ಲದ ಬಿಸಿನೀರು ತಣ್ಣೀರಿನ ಪೈಪಿನಲ್ಲೇ ವಾಪಸ್ ಹತ್ತುತ್ತಿತ್ತು. ಒಂದು ದಿನ ಯಾರೋ ಆ ತಣ್ಣೀರಿನ ಗೇಟ್ ವಾಲ್ವನ್ನೂ ಮುಚ್ಚಿದ್ದರು. ಬೆಂಕಿ ಹಾಕಿದ ಅರ್ಧ ಗಂಟೆಗೆ ಬಾಯ್ಲರ್ ಒಳಗಿಂದ ಡಬಡಬ ಬಡಿಯತೊಡಗಿತು. ಬೆಂಕಿಗೆ ಕೆಳಗಿನಿಂದ ಗಾಳಿ ಕೊಡುವ ಬಾಯ್ಲರಿನ ಗಾಳಿ ಕಿಂಡಿ ಮುಚ್ಚಿ, ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋಗಿ ನಿಂತೆ. ಏನೂ ಆಗಲಿಲ್ಲ. ನಮ್ಮ ಅದೃಷ್ಟ ಅಂತಲೇ ಹೇಳಬೇಕು.

ಏರ್ ಪೈಪ್ ತೊಟ್ಟಿಕ್ಕುತ್ತಿದ್ದರೆ ಅದು ಗಿಡ್ಡವಾಗಿದೆ ಅಂತ ಅರ್ಥ. ಮುಚ್ಚಬೇಡಿ, ಎತ್ತರಿಸಿ. ಟ್ಯಾಂಕ್ ತುಂಬಿದಾಗ ನೀರು ಎಲ್ಲಿಗೆ ಬರುತ್ತದೋ ಅದಕ್ಕಿಂತ ಕನಿಷ್ಠ ಒಂದಡಿ ಮೇಲಿರಲಿ. ಸರಿಸಮ ಇದ್ದರೆ ಸಾಲದು. ಬಿಸಿನೀರು ಹಗುರ, ಹಾಗಾಗಿ ಟ್ಯಾಂಕಿನ ಮಟ್ಟಕ್ಕಿಂತ ಮೇಲೆ ನಿಲ್ಲುತ್ತದೆ. ಹತ್ತು ಅಡಿ ಎತ್ತರದ ಪೈಪಿನಲ್ಲಿ ನಾಲ್ಕು ಇಂಚಿನಷ್ಟು ವ್ಯತ್ಯಾಸ ಬರುತ್ತದೆ. ಪೈಪಿನ ತುದಿಯನ್ನು ಬಗ್ಗಿಸಿ ಟ್ಯಾಂಕಿನ ಮೇಲೆಯೇ ಬಾಯಿ ಬರುವಂತೆ ಬಿಟ್ಟರೆ ಉಕ್ಕಿದ ನೀರು ಯಾರ ತಲೆಗೂ ಬೀಳುವುದಿಲ್ಲ. ಇನ್ನೊಂದು, ಬಾಯ್ಲರಿನ ತಲೆಯಿಂದ ಹೊರಡುವ ಪೈಪುಗಳಿಗೆ ಮಾಮೂಲಿ ಬಿಳಿ ಪಿವಿಸಿ ಬೇಡ. 60 ಡಿಗ್ರಿ ದಾಟಿದರೆ ಅದು ಮೆತ್ತಗಾಗಿ ಜೋತುಬೀಳುತ್ತದೆ. ಜಿಐ (ಸತು ಬಳಿದ ಕಬ್ಬಿಣ) ಅಥವಾ ತಾಮ್ರ ಹಾಕಿಸಿ, ಸ್ವಲ್ಪ ದೂರ ಹೋದ ಮೇಲೆ ಬೇಕಾದರೆ ಸಿಪಿವಿಸಿ, ಅಂದರೆ ಬಿಸಿನೀರಿಗೆಂದೇ ಬರುವ ಪ್ಲಾಸ್ಟಿಕ್ ಪೈಪು.

ಯಾವ ಸೌದೆ

ಹಸಿ ಸೌದೆಯಲ್ಲಿ ತೂಕದ ಅರ್ಧದಷ್ಟು ನೀರೇ ಇರುತ್ತದೆ. ನೀವು ಕಾಯಿಸಬೇಕಾದದ್ದು ಬಾಯ್ಲರಿನ ನೀರು, ಸೌದೆಯೊಳಗಿನ ನೀರಲ್ಲ ಅಲ್ವಾ? ಬೇಸಿಗೆಯಲ್ಲಿ ಸೀಳಿ ಒಟ್ಟಿ, ಮೇ ಕೊನೆಯೊಳಗೆ ಕೊಟ್ಟಿಗೆ ಸೇರಿಸಿ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಟಣ್ ಅಂದರೆ ಒಣಗಿದೆ. ಧಬ್ ಅಂದರೆ ಇನ್ನೂ ಹಸಿ. ಚೆನ್ನಾಗಿ ಒಣಗಿದ ಸೌದೆಯಾದರೆ 60 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾಯಲು ಎರಡು ಕೆ.ಜಿ. ಸಾಕು, ಅರ್ಧಕ್ಕಿಂತ ಜಾಸ್ತಿ ಶಾಖ ಹೊಗೆ ಕೊಳವೆಯಲ್ಲಿ ಹೋದರೂ. ನಿಮ್ಮ ಮನೆಯಲ್ಲಿ ಒಂದು ಹೊರೆ ಬೇಕಾಗುತ್ತಿದೆಯಾ? ಹಾಗಿದ್ದರೆ ಸೌದೆ ಹಸಿ, ಇಲ್ಲವೇ ಕೊಳವೆ ಮಸಿ.

ಅಡಿಕೆ ಸಿಪ್ಪೆ ನಮ್ಮಲ್ಲಿ ಪುಕ್ಕಟೆ ಸಿಗುವ ಉರುವಲು. ಒಣಗಿದ್ದರೆ ಒಳ್ಳೆಯದೇ. ಆದರೆ ಅದು ಉರಿಯುವುದಕ್ಕಿಂತ ಒಳಗೊಳಗೇ ಹೊಗೆಯಾಡುವುದು ಜಾಸ್ತಿ. ಒಂದು ಬುಟ್ಟಿ ಒಮ್ಮೆಗೇ ತುರುಕಬೇಡಿ, ಬೆಂಕಿಗೆ ಉಸಿರು ಕಟ್ಟುತ್ತದೆ. ತೆಂಗಿನ ಗೆರಟೆ ಇದಕ್ಕೆ ತದ್ವಿರುದ್ಧ. ಭಾರೀ ಕಾವು. ನಾಲ್ಕು ಗೆರಟೆ ಹಾಕುವಲ್ಲಿ ಹದಿನಾಲ್ಕು ಹಾಕಿದರೆ ಅಡಿಯ ಸರಳುಗಳು ಬಗ್ಗಿಹೋಗುತ್ತವೆ. ತೆಂಗಿನ ಸಿಪ್ಪೆ ಒಂದು ವರ್ಷ ಒಣಗಿದ್ದರೆ ಮಾತ್ರ ಹಾಕಿ.

ಹಾಕಲೇಬಾರದವು ಕೆಲವಿವೆ. ಹಾಲಿನ ಪ್ಯಾಕೆಟ್, ಪೈಪ್ ತುಂಡು, ಪೇಂಟ್ ಹೊಡೆದ ಮರ, ಪ್ಲೈವುಡ್. ಪಿವಿಸಿ ಸುಟ್ಟರೆ ಬರುವ ಆಮ್ಲದ ಹೊಗೆ ನಿಮ್ಮ ಎದೆಯನ್ನೂ ತಿನ್ನುತ್ತದೆ, ತಾಮ್ರವನ್ನೂ ತಿನ್ನುತ್ತದೆ. ಹೊಳೆಗೇರಿನ ಸೌದೆ, ಗೇರುಬೀಜದ ಸಿಪ್ಪೆ ಕೂಡ ಬೇಡ. ಅವುಗಳ ಎಣ್ಣೆ ಮೈ ಸುಡುವಂಥದ್ದು, ಹೊಗೆಯೂ ಒಳ್ಳೆಯದಲ್ಲ. ಹಾವು ಚೇಳು ಇದ್ದೀತು ಅಂತ ಸೌದೆ ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟುವುದನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ. ಪೇಟೆಯಿಂದ ರಜೆಗೆ ಬಂದ ಮಕ್ಕಳಿಗೆ ಹೇಳಿಕೊಡಿ.

ಬೆಂಕಿ ಹಾಕುವ ಕ್ರಮ

1. ಬಿಸಿನೀರಿನ ನಲ್ಲಿ ತಿರುಗಿಸಿ ನೋಡಿ. ಧಾರಾಳ ನೀರು ಬಂದರೆ ಬಾಯ್ಲರ್ ತುಂಬಿದೆ ಅಂತ. ಪುಸ್ ಪುಸ್ ಅಂತ ಗಾಳಿ ಬಂದರೆ ತುಂಬಿಲ್ಲ. ಬೆಂಕಿ ಹಾಕಬೇಡಿ. ಇಷ್ಟು ನೋಡುವವರೆಗೆ ಬೆಂಕಿಪೊಟ್ಟಣ ಕೈಗೆ ತೆಗೆದುಕೊಳ್ಳಬೇಡಿ.

2. ತಣ್ಣೀರಿನ ವಾಲ್ವ್ ತೆರೆದಿದೆಯಾ ನೋಡಿ. ನಮ್ಮಲ್ಲಿ ಅದರ ಹಿಡಿಯನ್ನೇ ಬಿಚ್ಚಿ ಗೂಟಕ್ಕೆ ನೇತುಹಾಕಿದ್ದೇವೆ, ಕೈ ಸುಮ್ನಿರದವರಿಗೆ ಸಿಗದಿರಲಿ ಅಂತ.

3. ನಿನ್ನೆಯ ಬೂದಿ ತೆಗೆಯಿರಿ. ಬೂದಿ ಸರಳುಗಳ ತನಕ ಬಂದಿದ್ದರೆ ಕೆಳಗಿನಿಂದ ಗಾಳಿ ಹೋಗುವುದಿಲ್ಲ.

4. ಕೊಳವೆಗೆ ಡ್ಯಾಂಪರ್ (ಹೊಗೆಯ ದಾರಿ ತೆರೆದು ಮುಚ್ಚುವ) ತಗಡು ಇದ್ದರೆ ಪೂರ್ತಿ ತೆರೆಯಿರಿ. ಒಂದು ಹಾಳೆ ಪೇಪರ್ ಉರಿಸಿ, ಜ್ವಾಲೆ ಯಾವ ಕಡೆ ಬಾಗುತ್ತದೆ ನೋಡಿ. ಒಳಗೆ ಎಳೆದರೆ ಸರಿ. ನಿಮ್ಮ ಮುಖಕ್ಕೆ ಬಂದರೆ ಕೊಳವೆ ತಣ್ಣಗಿದೆ ಅಥವಾ ಕಟ್ಟಿದೆ.

5. ಸೋಗೆ, ಅಡಿಕೆ ಹಾಳೆಯ ಚೂರು, ಸಣ್ಣ ಸಿಬಿರಿನಿಂದ ಶುರು ಮಾಡಿ. ಜ್ವಾಲೆ ಚೆನ್ನಾಗಿ ಎದ್ದ ಮೇಲೆ ಕೈಗಾತ್ರದ ಸೌದೆ. ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ಮುಚ್ಚಿದ ಗೂಡಿನಲ್ಲಿ ಪೆಟ್ರೋಲ್ ಆವಿ ಹೊತ್ತುವುದಿಲ್ಲ, ಸಿಡಿಯುತ್ತದೆ.

ನೀರು ಕುದಿಯಬೇಕು ಅಂತೇನಿಲ್ಲ. 60 ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಐದಾರು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳಿಗೆ, ಅಜ್ಜ ಅಜ್ಜಿಯರಿಗೆ ಇನ್ನೂ ಬೇಗ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್ ಬೇಡ.

ಮರೆತು ಖಾಲಿ ಬಾಯ್ಲರಿಗೆ ಬೆಂಕಿ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಗಾಬರಿಯಲ್ಲಿ ತಣ್ಣೀರು ಬಿಡಬೇಡಿ. ಕಾದ ಲೋಹಕ್ಕೆ ನೀರು ತಾಗಿದರೆ ಆ ಕ್ಷಣವೇ ಆವಿ, ಜೊತೆಗೆ ಬೆಸುಗೆ ಬಿಡುತ್ತದೆ. ಗಾಳಿ ಕಿಂಡಿ ಮುಚ್ಚಿ, ಬೆಂಕಿ ತಾನಾಗಿ ಆರಲಿ. ಪೂರ್ತಿ ತಣ್ಣಗಾದ ಮೇಲೆ ನೀರು ತುಂಬಿಸಿ, ಎಲ್ಲಾದರೂ ಸೋರುತ್ತದಾ ನೋಡಿ.

ಕೆಂಡದ ವಿಷ

ಹೊಗೆ ಕಣ್ಣಿಗೆ ಉರಿ ತರುತ್ತದೆ, ಕೆಮ್ಮು ತರುತ್ತದೆ, ನಾವು ಹೊರಗೆ ಓಡುತ್ತೇವೆ. ಅದು ಒಂದು ಲೆಕ್ಕದಲ್ಲಿ ಉಪಕಾರವೇ. ಅಪಾಯ ಇರುವುದು ಹೊಗೆ ನಿಂತ ಮೇಲೆ, ಕೆಂಡ ನಿಗಿನಿಗಿ ಅನ್ನುವ ಹೊತ್ತಿನಲ್ಲಿ. ಗಾಳಿ ಸಾಲದೆ ಉರಿಯುವ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಸೋಲುವುದು. ಸ್ನಾನ ಮಾಡುವವರು "ಬಿಸಿನೀರಿಗೆ ಹೀಗಾಯ್ತು" ಅಂದುಕೊಳ್ಳುತ್ತಾರೆ.

ಹಾಗಾಗಿ ಬಾಯ್ಲರಿನ ಬೆಂಕಿ ಬಾಯಿ ಸ್ನಾನದ ಕೋಣೆಯೊಳಗೆ ಇರಬಾರದು. ಗೋಡೆಯ ಆಚೆ, ಜಗುಲಿಯಲ್ಲೋ ಹಿತ್ತಿಲ ಮಾಡಿನಲ್ಲೋ ಇರಲಿ. ಹಳೇ ಮನೆಗಳಲ್ಲಿ ಒಳಗೇ ಇದ್ದರೆ ಮೇಲೊಂದು ಕೆಳಗೊಂದು, ಮುಚ್ಚಲಾಗದ ಎರಡು ಕಿಂಡಿ ಬೇಕೇ ಬೇಕು. ಚಳಿ ಅಂತ ಕಿಂಡಿಗೆ ಗೋಣಿಚೀಲ ತುರುಕುವುದು ಚಳಿಗಾಲದ ಕೆಟ್ಟ ಅಭ್ಯಾಸ. ರಾತ್ರಿ ಸಿಪ್ಪೆ ತುಂಬಿಸಿ, ಡ್ಯಾಂಪರ್ ಪೂರ್ತಿ ಮುಚ್ಚಿ, ಬೆಳಗ್ಗೆವರೆಗೆ ನೀರು ಬಿಸಿ ಇರಲಿ ಅನ್ನುವವರಿದ್ದಾರೆ. ಆ ಕೋಣೆ ಮಲಗುವ ಕೋಣೆಗೆ ತಾಗಿದ್ದರೆ ಈ ಜಾಣತನ ಬೇಡ. ಬ್ಯಾಟರಿ ಹಾಕುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ. ಒಂದು ತಂದು ಹಾಕಿ.

ಒಳಗೆ ಯಾರಾದರೂ ಕರೆದರೆ ಓಗೊಡದಿದ್ದರೆ ಬಾಗಿಲು ಮುರಿದಾದರೂ ತೆರೆಯಿರಿ, ಹೊರಗೆ ಗಾಳಿಗೆ ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ. ಎಚ್ಚರ ಬಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬೂದಿಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮೇಲೆ ತಣ್ಣಗೆ ಕಾಣುವ ಬೂದಿಯೊಳಗೆ ಕೆಂಡ ಎರಡು ಮೂರು ದಿನ ಬದುಕಿರುತ್ತದೆ. ಮುಚ್ಚಳ ಇರುವ ಕಬ್ಬಿಣದ ಡಬ್ಬಿಗೆ ಹಾಕಿಡಿ, ಆಮೇಲೆ ತೆಂಗಿನ ಬುಡಕ್ಕೆ ಹಾಕಿ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ತುಂಬಿ ಸಿಪ್ಪೆ ರಾಶಿಯ ಪಕ್ಕ ಇಟ್ಟರೆ ರಾತ್ರಿ ಇಡೀ ಊರೇ ಕೊಡಪಾನ ಹಿಡಿದು ಓಡಿಬರಬೇಕಾಗುತ್ತದೆ.

ಹೊಗೆ ಯಾಕೆ ವಾಪಸ್ ಬರುತ್ತದೆ

ಬಾಯ್ಲರ್ ಹೊಗೆಯಾಡಿದರೆ ಎಲ್ಲರೂ ಕುಕ್ಕರಗಾಲಿನಲ್ಲಿ ಕೂತು ಬೆಂಕಿ ಊದುತ್ತಾರೆ. ನೋಡಬೇಕಾದದ್ದು ತಲೆ ಎತ್ತಿ, ಕೊಳವೆಯ ಕಡೆ.

ಕೊಳವೆ ಹೊಗೆಯನ್ನು ಎಳೆಯುವುದು ಒಳಗಿನ ಗಾಳಿ ಬಿಸಿಯಾಗಿ ಹಗುರ ಇರುವುದರಿಂದ. ಈ ಎಳೆತ ಎಷ್ಟು ಸಣ್ಣದು ಗೊತ್ತಾ? ಹನ್ನೆರಡು ಹದಿಮೂರು ಅಡಿ ಕೊಳವೆ, ಒಳಗೆ ಸರಾಸರಿ 150 ಡಿಗ್ರಿ ಬಿಸಿ ಇದ್ದರೆ ಸಿಗುವ ಎಳೆತ ಸ್ಟ್ರಾದಲ್ಲಿ ನೀರನ್ನು ಒಂದೂವರೆ ಮಿಲಿಮೀಟರ್ ಮೇಲೆ ಎಳೆದಷ್ಟು. ಅಷ್ಟೇ. ಇಷ್ಟು ಬಡಪಾಯಿ ಎಳೆತವನ್ನು ಒಂದು ಕಡಜದ ಗೂಡು, ಒಂದು ಜಾಸ್ತಿ ಎಲ್ಬೋ, ಒಂದು ಸೀಳು ಕೆಡಿಸಿಬಿಡಬಲ್ಲದು. ಹಾಗಾಗಿ ಹೊಗೆ ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿ. ರೋಗ ಅದರಲ್ಲೇ ಗೊತ್ತಾಗುತ್ತದೆ.

ಶುರುವಿನ ಐದು ನಿಮಿಷ ಮಾತ್ರ ಹೊಗೆ ಬಂದು ಆಮೇಲೆ ಸರಿಹೋದರೆ ಕೊಳವೆ ತಣ್ಣಗಿದೆ ಅಷ್ಟೆ. ಮಳೆಗಾಲದಲ್ಲಿ ಇದು ಮಾಮೂಲು. ಕೊಳವೆಯ ಬುಡದಲ್ಲಿ ಮಸಿ ತೆಗೆಯುವ ಬಾಗಿಲಿದ್ದರೆ ಅಲ್ಲಿ ಎರಡು ಹಾಳೆ ಪೇಪರ್ ಉರಿಸಿ ಬಾಗಿಲು ಮುಚ್ಚಿ. ಬಿಸಿ ಗಾಳಿ ಮೇಲೆ ಹೊರಟರೆ ಹಿಂದೆಯೇ ಹೊಗೆಯೂ ಹೋಗುತ್ತದೆ.

ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಾ ಬಂದರೆ ಒಳಗೆ ಮಸಿ ಕಟ್ಟಿದೆ. ನಾಲ್ಕಿಂಚಿನ ಕೊಳವೆಗೆ ಸುತ್ತಲೂ ಅರ್ಧ ಇಂಚು ಮಸಿ ಕೂತರೆ ಉಳಿಯುವುದು ಮೂರಿಂಚು. ಇಂಚಿನ ಲೆಕ್ಕದಲ್ಲಿ ಕಾಲು ಭಾಗ ಹೋದ ಹಾಗೆ ಕಾಣುತ್ತದೆ. ನಿಜವಾಗಿ ಹೊಗೆ ಹೋಗುವ ಜಾಗ ಅರ್ಧಕ್ಕೆ ಹತ್ತಿರ ಬಂದಿರುತ್ತದೆ.

ನಿನ್ನೆ ಸರಿ ಇತ್ತು, ಇವತ್ತು ಒಮ್ಮೆಗೇ ಪೂರ್ತಿ ಹೊಗೆ ಅಂದರೆ ಏನೋ ಅಡ್ಡ ಬಿದ್ದಿದೆ. ಹಕ್ಕಿ ಗೂಡು, ಕಳಚಿ ಬಿದ್ದ ಮಸಿ ಗಂಟು, ತುಕ್ಕು ಹಿಡಿದು ಕುಸಿದ ಟೋಪಿ. ನನ್ನ ಕಥೆಯೂ ಈ ಜಾತಿಯದ್ದೇ. ವಾರದ ಮಟ್ಟಿಗೆ ಊರಿಗೆ ಹೋಗುವಾಗ ಮಳೆ ನೀರು ಇಳಿಯದಿರಲಿ ಅಂತ ಕೊಳವೆಯ ಬಾಯಿಗೆ ಗೊಬ್ಬರದ ಚೀಲ ಕಟ್ಟಿದ್ದೆ. ಬಂದವನು ಅದನ್ನು ಮರೆತು ಬೆಂಕಿ ಹಾಕಿದೆ. ಅರ್ಧ ಗಂಟೆ ಊದಿದೆ, ಬೀಸಣಿಗೆ ತಂದೆ, ಸೌದೆಗೆ ಬೈದೆ. ಕೊನೆಗೆ ದೊಡ್ಡಮ್ಮ ಅಂಗಳದಿಂದ ಕೂಗಿದರು, "ಮಾಣಿ, ಹೊಗೆ ಹಂಚಿನ ಸಂದಿಯಿಂದೆಲ್ಲ ಬರ್ತಾ ಇದೆ, ಕೊಳವೆಯಿಂದ ಮಾತ್ರ ಇಲ್ಲ!"

ಗಾಳಿ ಬೀಸಿದಾಗ ಮಾತ್ರ ಹೊಗೆ ಉಗುಳಿದರೆ ಕೊಳವೆ ಗಿಡ್ಡ. ಚಾವಣಿ ದಾಟಿದ ಜಾಗದಿಂದ ಕನಿಷ್ಠ ಮೂರಡಿ ಮೇಲಿರಬೇಕು. ಹತ್ತಡಿ ಸುತ್ತಿನೊಳಗೆ ಮಾಡಿನ ಕೋಡು, ಟ್ಯಾಂಕ್ ಏನೇ ಇದ್ದರೂ ಅದಕ್ಕಿಂತ ಎರಡಡಿ ಎತ್ತರ ಇರಬೇಕು. ಗುಡ್ಡದ ಬುಡದ ಮನೆಗಳಿಗೆ ಗಾಳಿ ಮೇಲಿನಿಂದಲೇ ಬಂದು ಒತ್ತುತ್ತದೆ. ಅಲ್ಲಿ ಎತ್ತರದ ಜೊತೆ ಸರಿಯಾದ ಟೋಪಿಯೂ ಬೇಕು. ಟೋಪಿಗೂ ಕೊಳವೆಯ ಬಾಯಿಗೂ ಒಂದು ಗೇಣು ಅಂತರ ಬಿಡಿ. ಮಳೆ ಒಳಗೆ ಬರುತ್ತದೆ ಅಂತ ಟೋಪಿಯನ್ನು ಬಾಯಿಗೇ ಒತ್ತಿ ಕೂರಿಸುವುದು ವೆಲ್ಡಿಂಗ್ ಅಂಗಡಿಯವರ ಮಾಮೂಲಿ ತಪ್ಪು.

ಹೊಸ ಬಾಯ್ಲರ್ ಮೊದಲ ದಿನದಿಂದಲೇ ಹೊಗೆಯಾಡುತ್ತಿದ್ದರೆ ತಪ್ಪು ಜೋಡಣೆಯಲ್ಲಿದೆ. ಬಾಯ್ಲರಿನ ಬಾಯಿ ನಾಲ್ಕಿಂಚು, ಕೊಳವೆ ಮೂರಿಂಚು ಹಾಕಿದ್ದಾರಾ? ಅಡ್ಡಡ್ಡ ಉದ್ದ ಓಡಿಸಿದ್ದಾರಾ? ನೇರ ಮೇಲೆ ಹೋಗುವುದೇ ಒಳ್ಳೆಯದು. ಬಗ್ಗಿಸಲೇಬೇಕಾದರೆ ಒಂದು ಚೂಪು ಎಲ್ಬೋ ಬದಲು ಎರಡು ಓರೆ ಎಲ್ಬೋ ಹಾಕಿಸಿ. ಕೀಲುಗಳ ಸಂದಿಯಲ್ಲಿ ತಣ್ಣನೆ ಗಾಳಿ ನುಗ್ಗಿದರೂ ಎಳೆತ ಸಾಯುತ್ತದೆ. ಊದುಬತ್ತಿ ಹಚ್ಚಿ ಕೀಲುಗಳ ಹತ್ತಿರ ಹಿಡಿಯಿರಿ. ಅದರ ಹೊಗೆ ಒಳಗೆ ಸೆಳೆದರೆ ಅಲ್ಲಿ ಸಂದಿಯಿದೆ. ಹುತ್ತದ ಮಣ್ಣಿಗೆ ಬೂದಿ ಬೆರೆಸಿ ಮೆತ್ತಿದರೆ ಸಾಕು. ಪ್ಲಂಬರ್‌ಗಳ ಎಪಾಕ್ಸಿ ಈ ಬಿಸಿಗೆ ನಿಲ್ಲುವುದಿಲ್ಲ.

ಕೀಲಿನಿಂದ ಕಪ್ಪು ನೀರು ಇಳಿದು ಗೋಡೆ ಹಾಳಾಗುತ್ತಿದೆಯಾ? ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ ಇದು ಎಲ್ಲರ ಮನೆಯ ಗೋಳು. ಮಳೆ ಇಲ್ಲದಾಗಲೂ ಇಳಿದರೆ ಅದು ಹಸಿ ಸೌದೆಯ ಆವಿ, ತಣ್ಣನೆ ಕೊಳವೆಯಲ್ಲಿ ನೀರಾಗುತ್ತಿದೆ. ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಇಳಿಯುವಂತೆ ಜೋಡಿಸಿದರೆ ನೀರು ಒಳಗೇ ಹರಿಯುತ್ತದೆ. ಬುಡದಲ್ಲಿ T ಆಕಾರದ ಕೀಲು ಹಾಕಿ ಕೆಳಗೆ ಮುಚ್ಚಳ ಕೊಡಿ, ನೀರೂ ಮಸಿಯೂ ಅಲ್ಲೇ ಬೀಳಲಿ.

ಕೊಳವೆ ಮಾಡಿನ ಮೂಲಕ ಹೋಗುವಲ್ಲಿ ಮರದ ಪಕಾಸಿ, ರೀಪುಗಳಿಂದ ಒಂದೂವರೆ ಅಡಿ ದೂರ ಇರಲಿ. ವರ್ಷಗಟ್ಟಲೆ ಕಾದ ಮರ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ.

ಮಸಿ ತೆಗೆಯುವ ದಿನ

ನಮ್ಮಲ್ಲಿ ಇದಕ್ಕೆ ಮುಹೂರ್ತ ಮೊದಲೇ ಗೊತ್ತಾಗಿದೆ. ದೀಪಾವಳಿಗೆ ಮುಂಚಿನ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಿ, ಹಿಂಡಲಕಾಯಿ ಬಳ್ಳಿ ಕಟ್ಟುತ್ತಾರಲ್ಲ, ಅದರ ಹಿಂದಿನ ಭಾನುವಾರ ಕೊಳವೆಯ ಕೆಲಸ. ಹುಣಸೆಹುಳಿ ಹಚ್ಚಿ ತಾಮ್ರವನ್ನು ಫಳಫಳ ಮಾಡಿ ಒಳಗಿನ ಮಸಿ ಹಾಗೇ ಬಿಟ್ಟರೆ ಏನು ಬಂತು? ಇನ್ನೊಂದು ಸಲ ಮಳೆಗಾಲಕ್ಕೆ ಮುಂಚೆ. ಸಿಪ್ಪೆ ಉರಿಸುವ ಮನೆಗಳಲ್ಲಿ ತಿಂಗಳಿಗೊಮ್ಮೆ ಬುಡದ ಬಾಗಿಲು ತೆರೆದು ನೋಡಿ. ಮಸಿ ಮೂರು ಮಿಲಿಮೀಟರ್ ದಾಟಿದರೆ ಹಬ್ಬಕ್ಕೆ ಕಾಯಬೇಡಿ.

ಹಿಂದಿನ ದಿನದಿಂದಲೇ ಬೆಂಕಿ ಹಾಕಬೇಡಿ. ಮೂಗು ಬಾಯಿಗೆ ಬಟ್ಟೆ, ಕಣ್ಣಿಗೆ ಕನ್ನಡಕ. ಬೆಂಕಿ ಬಾಯಿಗೆ ಒದ್ದೆ ಗೋಣಿ ಕಟ್ಟಿ, ಇಲ್ಲದಿದ್ದರೆ ಇಲ್ಲಣ ಮನೆಯೆಲ್ಲ ಹಾರುತ್ತದೆ. ಕೊಳವೆಯ ಅಳತೆಯ ತಂತಿ ಬ್ರಷ್ ಸಿಕ್ಕರೆ ಸರಿ. ಇಲ್ಲವಾದರೆ ಗೋಣಿ ಉಂಡೆಗೆ ತೂಕಕ್ಕೆ ಕಲ್ಲು ಕಟ್ಟಿ, ಎರಡೂ ತುದಿಗೆ ಹಗ್ಗ ಬಿಗಿದು, ಒಬ್ಬರು ಮೇಲೆ ಒಬ್ಬರು ಕೆಳಗೆ ನಿಂತು ಎಳೆದಾಡಿ. ಪಾಚಿ ಹಿಡಿದ ಹಂಚಿನ ಮೇಲೆ ಹತ್ತುವ ಸಾಹಸ ಬೇಡ, ಸಿಮೆಂಟ್ ಶೀಟ್ ಮೇಲಂತೂ ಕಾಲಿಡಬೇಡಿ. ಕೊಳವೆ ಬಿಚ್ಚಿ ಕೆಳಗಿಳಿಸಿ ತಿಕ್ಕುವುದೇ ಎಷ್ಟೋ ಸಲ ಸುಲಭ. ಬಾಯ್ಲರಿನ ನಡುವಿನ ಕೊಳವೆಯನ್ನು ಮರೆಯಬೇಡಿ, ನೀರಿಗೆ ಶಾಖ ಹೋಗುವುದು ಅಲ್ಲಿಂದಲೇ. ಹಳೇ ಕಲ್ನಾರಿನ ಪೈಪ್ ಇದ್ದರೆ ಗರಗಸ ಹಾಕಿ ಕೊಯ್ಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಉದುರುವ ಪುಡಿ ಮಸಿಯಾದರೆ ಚಿಂತೆಯಿಲ್ಲ. ಡಾಂಬರಿನ ಹಾಗೆ ಹೊಳೆಯುತ್ತಾ ಅಂಟಿಕೊಂಡಿದ್ದರೆ ಅದು ಹಸಿ ಸೌದೆಯ ಟಾರು. ಅದಕ್ಕೆ ಬೆಂಕಿ ಹಿಡಿಯುತ್ತದೆ. ಹಿಡಿದಾಗ ಕೊಳವೆಯಲ್ಲಿ ರೈಲು ಹೋದಂಥ ಸದ್ದು, ಮೇಲಿನಿಂದ ಕಿಡಿ, ಕೊಳವೆಯೇ ಕೆಂಪಗೆ. ಆಗ ಗಾಳಿ ಕಿಂಡಿ, ಬೆಂಕಿ ಬಾಯಿ ಎರಡನ್ನೂ ಮುಚ್ಚಿ, ಎಲ್ಲರೂ ಹೊರಗೆ ಬನ್ನಿ, 101ಕ್ಕೆ ಫೋನ್ ಮಾಡಿ. ಕೊಳವೆಯೊಳಗೆ ನೀರು ಸುರಿಯಬೇಡಿ, ಆವಿಯಾಗಿ ಸಿಡಿಯುತ್ತದೆ. ಸುತ್ತಲಿನ ಮಾಡಿಗೆ, ಸೋಗೆಗೆ ನೀರು ಹಾಕಿ. ಆರಿದ ಮೇಲೆ ಅದೇ ಕೊಳವೆಗೆ ಮತ್ತೆ ಬೆಂಕಿ ಹಾಕುವ ಮೊದಲು ಪೂರ್ತಿ ಬಿಚ್ಚಿ ನೋಡಿ.

ಕೊಳವೆ ಸ್ವಚ್ಛ, ಸೌದೆ ಒಣ, ಆದರೂ ನೀರು ಕಾಯುವುದು ತಡವಾಗುತ್ತಿದೆ, ಒಳಗೆ ಗುಳುಗುಳು ಸದ್ದು ಬೇರೆ. ಬೋರ್‌ವೆಲ್ ನೀರಿನ ಮನೆಯಾದರೆ ಒಳಗೆ ಸುಣ್ಣದ ಪೊರೆ ಕಟ್ಟಿದೆ. ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ನೀರಿನಲ್ಲಿ ಕರಗಿಸಿ ಒಂದು ರಾತ್ರಿ ತುಂಬಿಸಿಟ್ಟು, ಬೆಳಗ್ಗೆ ಅಡಿಯ ನಲ್ಲಿಯಿಂದ ಹರಿಸಿ, ಎರಡು ಮೂರು ಸಲ ತೊಳೆಯಿರಿ. ಬಾಯ್ಲರಿನ ಬಿಸಿನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಕಲಾಯಿ ಇಲ್ಲದ ತಾಮ್ರದಲ್ಲಿ ರಾತ್ರಿಯಿಡೀ ಬಿಸಿಯಾಗಿ ನಿಂತ ನೀರು ಅದು.

ಎಲ್ಲ ಸೇರಿಸಿ ಮೊದಲ ಬೆಂಕಿ ಹಾಕಿದ ಮೇಲೆ ಒಬ್ಬರನ್ನು ಅಂಗಳಕ್ಕೆ ಕಳಿಸಿ. ಮೊದಲು ಬಿಳಿ ಹೊಗೆ ದಟ್ಟವಾಗಿ ಬಂದು, ಹತ್ತು ಹದಿನೈದು ನಿಮಿಷಕ್ಕೆ ತೆಳುವಾಗಿ, ಆಮೇಲೆ ಕೊಳವೆಯ ಬಾಯಲ್ಲಿ ಗಾಳಿ ಬಿಸಿಗೆ ನಡುಗುವುದಷ್ಟೇ ಕಾಣಬೇಕು. ಇನ್ನೂ ಹೊಗೆ ಕಾಣುತ್ತಿದ್ದರೆ ಸೌದೆ ಜಾಸ್ತಿ ತುರುಕಿದ್ದೀರಿ, ಒಂದೆರಡು ಕೊಳ್ಳಿ ಹೊರಗೆ ಎಳೆಯಿರಿ.